ಹಲಸಿನ ಹಲಗೆಯೂ ಹವಾಲ್ದಾರರ ಬಾವುಟವೂ

ತಪ್ಪೆಲ್ಲ ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವು ಕಂಡುಹಿಡಿದು ಹೇಳುವ ಶ್ರಮ ಬೇಡ. ನನಗೆ ಮರಗೆಲಸ ಬರುತ್ತಿರಲಿಲ್ಲ. ಮರಗೆಲಸದವರ ಹಾಗೆ ಮಾತಾಡಲು ಬರುತ್ತಿತ್ತು, ಅಷ್ಟೆ. ಎರಡೂ ಒಂದೇ ಅಲ್ಲ ಎಂಬುದು ಊರಿನ ಎಲ್ಲರಿಗೂ ಗೊತ್ತಿತ್ತು, ದನಕಾಯುವವರಿಗೂ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ.

ಈಗ ಇದು ಯಾಕೆ ನೆನಪಾಯಿತೆಂದರೆ, ನಾನು ಕೂತು ಬರೆಯುವ ಮೇಜಿಗೆ ಒಂದು ಕಾಲು ಗಿಡ್ಡ. ಅದರಡಿಗೆ ಯಾವ ಕಾಲದಲ್ಲೋ ಒಂದು ಮರದ ಚೂರು ತುರುಕಿದ್ದೆ. ಮೊನ್ನೆ ಕಸ ಗುಡಿಸುವಾಗ ಅದು ಪೊರಕೆಗೆ ಸಿಕ್ಕಿ ಹೊರಗೆ ಬಂತು. ನೋಡಿದರೆ ಹಲಸಿನ ಚೂರು. ಹಳದಿಯೆಲ್ಲ ಹೋಗಿ ಹಳೇ ಜೇನುತುಪ್ಪದ ಬಣ್ಣಕ್ಕೆ ತಿರುಗಿದೆ. ಒಂದು ಅಂಚಿನಲ್ಲಿ ನನ್ನದೇ ಗರಗಸದ ಗುರುತು. ಆ ಗುರುತು ಹೊರಟಿದ್ದು ಒಂದು ಕಡೆಗೆ, ತಲುಪಿದ್ದು ಇನ್ನೊಂದು ಕಡೆಗೆ. ಅದನ್ನು ಕೈಯಲ್ಲಿ ಹಿಡಿದು ಗುಡಿಸುವುದನ್ನು ಮರೆತು ಕೂತುಬಿಟ್ಟೆ. ಕಸ ಇನ್ನೂ ಮೂಲೆಯಲ್ಲೇ ಇದೆ.

ನಮ್ಮೂರಿರುವುದು ಬೆಳಗೋಡಿನಿಂದ ಒಂದಷ್ಟು ಗದ್ದೆ, ಒಂದಷ್ಟು ಕಾಫಿ ತೋಟ ದಾಟಿದ ಮೇಲೆ. ಅಲ್ಲಿ ನನಗಿದ್ದ ಕಸುಬೆಂದರೆ ಕಂಡವರನ್ನೆಲ್ಲ ಅಣಕಿಸುವುದು. ಸಕಲೇಶಪುರದ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ‘ರೈಟ್’ ಅನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತು ಅದೇ ಮೂಗಿನಲ್ಲಿ ನಾನೂ ‘ರೈಟ್’ ಅಂದು, ಕಂಡಕ್ಟರು ಕೆಳಗೆ ನಿಂತು ಬೀಡಿ ಹಚ್ಚುತ್ತಿರುವಾಗಲೇ ಬಸ್ಸನ್ನು ಹೊರಡಿಸಿದ್ದೇನೆ. ಎಸ್ಟೇಟಿನ ರೈಟರು ಕೂಲಿಯವರ ಲೈನುಮನೆಗಳ ಮುಂದೆ ನಿಂತು ಹಾಜರಿ ಕೂಗುವುದನ್ನು ಅವರಿಗಿಂತ ಮೊದಲೇ ಹೋಗಿ ಕೂಗಿ, ಆಳುಗಳನ್ನು ತೋಟದ ತಪ್ಪು ಪಟ್ಟೆಗೆ ಕಳಿಸಿದ್ದೇನೆ. ಅವ್ವ ನನ್ನನ್ನು ಬೈಯಲು ಬಾಯಿ ತೆರೆದರೆ ಸಾಕು, ಅವಳ ದನಿಯಲ್ಲೇ ನನ್ನನ್ನು ನಾನು ಪೂರ್ತಿ ಬೈದುಕೊಂಡು ಮುಗಿಸುತ್ತಿದ್ದೆ. ಅವ್ವನಿಗೆ ಬೈಯಲು ಏನೂ ಉಳಿಯುತ್ತಿರಲಿಲ್ಲ, ಹೊಡೆಯುತ್ತಿದ್ದಳು. ಇಷ್ಟಾಗಿ ನನ್ನ ಸ್ವಂತ ದನಿ ಯಾವುದೆಂದರೆ, ಮೇಕೆಮರಿಗೆ ನೆಗಡಿಯಾದಾಗ ಬರುವಂಥದ್ದು. ಅದನ್ನು ಆದಷ್ಟೂ ಬಳಸುತ್ತಿರಲಿಲ್ಲ.

ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ದನಿ ಮಿಲ್ಟ್ರಿ ದೊಡ್ಡಪ್ಪನದು. ಹವಾಲ್ದಾರ್ ರುದ್ರಪ್ಪ ಎಂದು ಅವರ ಹೆಸರು. ನಮ್ಮ ಮನೆಯಿಂದ ಎರಡು ಮನೆ ಆಚೆ. ನಂಟು ಯಾವ ಕಡೆಯಿಂದ ಎಂದು ಹುಡುಕುತ್ತ ಹೋದರೆ ದಾರಿ ತಪ್ಪುತ್ತದೆ. ಅವರು ದೊಡ್ಡಪ್ಪ, ಅವರ ಹೆಂಡತಿ ದೊಡ್ಡವ್ವ, ಅಷ್ಟು ಸಾಕಿತ್ತು. ಅವರಿಗೆ ಮಕ್ಕಳಿರಲಿಲ್ಲವಾಗಿ ಊರಿನ ಹುಡುಗರನ್ನೆಲ್ಲ ತಿದ್ದುವ ಅಧಿಕಾರ ತಾನಾಗಿಯೇ ಅವರಿಗೆ ಬಂದಿತ್ತು. ಸೈನ್ಯದಿಂದ ನಿವೃತ್ತರಾಗಿ ಬರುವಾಗ ಒಂದು ಕಪ್ಪು ಟ್ರಂಕು, ಒಂದು ಮಂಡಿನೋವು ಮತ್ತು ಬೇಕಾದಷ್ಟು ಹಿಂದಿ ತಂದಿದ್ದರು. ಆ ಹಿಂದಿಯನ್ನು ಎತ್ತುಗಳ ಮೇಲೆ ಖರ್ಚು ಮಾಡುತ್ತಿದ್ದರು. ಸಾಲಿನ ಕೊನೆಗೆ ಬಂದಾಗ ‘ಪೀಛೇ ಮುಡ್’ ಅಂದರೆ ಆ ಜೋಡಿ ತಿರುಗುತ್ತಿತ್ತು. ಒಮ್ಮೆ ನಮ್ಮಪ್ಪ ಗದ್ದೆ ಉಳಲು ಅವನ್ನು ಎರವಲು ತಂದು, ಅರ್ಧ ದಿನ ಕನ್ನಡದಲ್ಲಿ ಕೂಗಿ ಗಂಟಲು ಕಟ್ಟಿಕೊಂಡರು. ಎತ್ತುಗಳು ಬದುವಿಗೆ ಮೂಗು ತಾಗಿಸಿಕೊಂಡು ನಿಂತಿದ್ದವು. ಕೊನೆಗೆ ನನ್ನನ್ನು ಶಾಲೆಯಿಂದ ಕರೆಸಿ ಬದುವಿನ ಮೇಲೆ ನಿಲ್ಲಿಸಿದರು. ನಾನು ದೊಡ್ಡಪ್ಪನ ದನಿಯಲ್ಲಿ ಹಿಂದಿ ಹೇಳಿದೆ, ಎತ್ತುಗಳು ತಿರುಗಿದವು. ನನ್ನ ಕಲೆಯಿಂದ ನಮ್ಮ ಮನೆಗಾದ ಉಪಯೋಗ ಅದೊಂದೇ.

ಒಂದು ದಿನ ಸೇತುವೆ ಕಟ್ಟೆಯ ಮೇಲೆ ಹುಡುಗರ ಮುಂದೆ ದೊಡ್ಡಪ್ಪನ ದನಿ, ನಡಿಗೆ ತೋರಿಸುತ್ತಿದ್ದೆ. ಹುಡುಗರು ಒಮ್ಮೆಲೇ ಸುಮ್ಮನಾದರು. ತಿರುಗಿ ನೋಡಿದರೆ ದೊಡ್ಡಪ್ಪ. ಇವತ್ತು ಕಿವಿ ಹೋಯಿತು ಅಂದುಕೊಂಡೆ. ಅವರು ನನ್ನ ಸುತ್ತ ಒಂದು ಸುತ್ತು ಬಂದು, ಕೋಲಿನಿಂದ ನನ್ನ ಹೊಟ್ಟೆ ತಿವಿದು, “ದನಿ ಸೈ ಐತೆ. ಹೊಟ್ಟೆ ಒಳಕ್ಕೆ ತಗೋ. ಎದೆ ಮುಂದಕ್ಕೆ. ಅರೇ ಭಾಯ್, ನಾನು ಯಾವತ್ತಾದ್ರೂ ಇಂಗೆ ಬಸುರಿ ನಿಂತಂಗೆ ನಿಂತಿದ್ನೇನೋ?” ಅಂದರು. ಆಮೇಲೆ ಸಂಜೆಯವರೆಗೆ ನನಗೆ ಕವಾಯತು. ತನ್ನನ್ನು ಅಣಕಿಸುವುದು ಹೇಗೆಂದು ತಾನೇ ಕಲಿಸಿಕೊಟ್ಟ ಮನುಷ್ಯ ಇನ್ನೊಬ್ಬ ನನಗೆ ಸಿಕ್ಕಿಲ್ಲ.

ಕಾರ್ಗಿಲ್ ಯುದ್ಧವಾದ ಮರುವರ್ಷವೋ ಅದರ ಮರುವರ್ಷವೋ, ಕಾಫಿ ಕೊಯ್ಲು ಮುಗಿದು ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ಹೊತ್ತಿನಲ್ಲಿ ದೊಡ್ಡಪ್ಪ ಹೋದರು. ಬೆಳಿಗ್ಗೆ ಎತ್ತಿಗೆ ಹುಲ್ಲು ಹಾಕಿ ಬಂದು ಜಗಲಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಕೊಟ್ಟು ಕೂರಿಸುತ್ತೇವೆ. ಕೂತ ಹಾಗೆಯೇ ಹೊತ್ತೊಯ್ದು ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತೇವೆ. ದೊಡ್ಡಪ್ಪನನ್ನೂ ಹಾಗೆ ಕೂರಿಸಿ, ಹೊತ್ತೊಯ್ಯುವ ಬಿದಿರಿನ ವಿಮಾನಕ್ಕೆ ಹೂ ಕಟ್ಟುತ್ತಿದ್ದಾಗ ಒಂದು ಜೀಪು ಬಂತು. ಇಳಿದವರು ಮಗ್ಗೆ ಊರಿನ ನಿವೃತ್ತ ಕ್ಯಾಪ್ಟನ್ ಸಾಹೇಬರು, ಜೊತೆಗೆ ನಾಲ್ಕಾರು ಮಾಜಿ ಸೈನಿಕರು, ಎಲ್ಲರ ಎದೆಯ ಮೇಲೂ ಪದಕ. ಕ್ಯಾಪ್ಟನ್ನರ ಎರಡು ಕೈಗಳ ಮೇಲೆ ಮಡಿಸಿದ ತ್ರಿವರ್ಣ ಧ್ವಜ. ತಮ್ಮವನಿಗೆ ತಾವು ಹೊದಿಸಬೇಕು ಎಂದು ತಂದಿದ್ದರು.

ಹೊದಿಸುವುದು ಹೇಗೆ? ಟಿ.ವಿ.ಯಲ್ಲಿ ನಾವು ನೋಡಿದ್ದೆಲ್ಲ ಮಲಗಿದವರಿಗೆ ಹೊದಿಸಿದ್ದು.

“ಕೇಸರಿ ತಲೆ ಕಡೆ ಬರಬೇಕು, ಹಸಿರು ಕಾಲ ಕಡೆ,” ಅಂದರು ಕ್ಯಾಪ್ಟನ್.

ಊರಿನ ಹಿರಿಯರಾದ ಮಲ್ಲಪ್ಪಯ್ಯ ಕೈ ಮುಗಿದರು. “ಕೂರ್ಸಾಯ್ತು ಸಾಮಿ. ಇನ್ನು ಮಲಗ್ಸೋ ಅಂಗಿಲ್ಲ.”

“ಗೊತ್ತು ಕಣ್ರೀ, ಮಲಗ್ಸಿ ಅಂತ ಯಾರು ಅಂದ್ರು? ತಲೆ ಮೇಲಿಂದ ಹೊದ್ಸೋಕೆ ಆಗಲ್ಲ, ಮುಖ ಮುಚ್ಚಬಾರದು.”

“ಅಂಗಾದ್ರೆ ಹೆಗಲ ಮ್ಯಾಲೆ ಹೊದ್ಸಿ, ಶಾಲು ಹೊದ್ಸಿದಂಗೆ.”

“ಸನ್ಮಾನ ಅಲ್ಲ ಮಾರಾಯ್ರೇ ಇದು!”

ಎರಡೂ ಕಡೆಯವರು ಸರಿ, ಎರಡೂ ಕಡೆಯವರಿಗೆ ದೊಡ್ಡಪ್ಪ ಬೇಕು, ಬಾವುಟ ಮಾತ್ರ ಕ್ಯಾಪ್ಟನ್ನರ ಕೈಯಲ್ಲೇ ಇತ್ತು. ಆಗ ಗೋಡೆಗೆ ಒರಗಿ ಕೂತಿದ್ದ ದೊಡ್ಡವ್ವ, ಅಷ್ಟು ಹೊತ್ತಿಗೆ ಅತ್ತು ಅತ್ತು ದನಿ ಹೋಗಿದ್ದವಳು, “ತೊಡೆ ಮ್ಯಾಲೆ ಹಾಸಿ. ಮ್ಯಾಲಿನ ಬಣ್ಣ ಎದೆಗೆ ಬರ್ಲಿ, ಕೆಳಗಿಂದು ಪಾದಕ್ಕೆ,” ಅಂದಳು. ಕ್ಯಾಪ್ಟನ್ನರು ಒಂದು ಗಳಿಗೆ ಯೋಚಿಸಿ ತಲೆ ಆಡಿಸಿದರು. ಹಾಗೇ ಹಾಸಿದರು. ಅಂಗಳದ ತುಂಬ ಜನ, ಕೆಲವರು ಕುಸಿದು, ಕೆಲವರು ಬಾಗಿ, ಕೆಲವರು ಕಂಬ ಹಿಡಿದು ನಿಂತಿದ್ದರು. ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತವರು ದೊಡ್ಡಪ್ಪ ಒಬ್ಬರೇ.

ಮಣ್ಣಿಗೆ ಇಳಿಸುವ ಮೊದಲು ಬಾವುಟವನ್ನು ತೆಗೆದು, ಇಬ್ಬರು ಎದುರುಬದುರು ನಿಂತು ಮಡಿಸಿದರು. ಕೇಸರಿಯೂ ಹಸಿರೂ ಬಿಳಿಯ ಅಡಿಗೆ ಹೋಗಿ, ಚಕ್ರ ಮೇಲೆ ಬಂದು, ಪುಟ್ಟ ದಿಂಬಿನಷ್ಟಾಯಿತು. ಕ್ಯಾಪ್ಟನ್ನರು ಅದನ್ನು ದೊಡ್ಡವ್ವನ ಮುಂದೆ ಹಿಡಿದರು. ಅವಳು ಅಭ್ಯಾಸಬಲದಿಂದ ಸೆರಗೊಡ್ಡಿದಳು. “ಸೆರಗಲ್ಲಿ ಅಲ್ಲ ತಾಯಿ, ಕೈಯಲ್ಲಿ,” ಅಂದರು. ದೊಡ್ಡವ್ವ ಸೆರಗು ಬಿಟ್ಟು ಎರಡು ಕೈಯನ್ನೂ ಚಾಚಿದಳು.

ಹನ್ನೊಂದನೆಯ ದಿನ ಶಿವಗಣಾರಾಧನೆಗೆ ಕ್ಯಾಪ್ಟನ್ನರು ಮತ್ತೆ ಬಂದರು. ಊಟವಾದ ಮೇಲೆ, ಬಾವುಟ ಎಲ್ಲಿ ಎಂದು ಕೇಳಿದರು. ದೊಡ್ಡವ್ವ ಕಪ್ಪು ಟ್ರಂಕು ತೋರಿಸಿದಳು. ದೊಡ್ಡಪ್ಪನ ಸಮವಸ್ತ್ರ, ಕಂಬಳಿ, ನುಸಿಗುಳಿಗೆಗಳ ನಡುವೆ ಅದೂ ಮಲಗಿತ್ತು.

“ಟ್ರಂಕಲ್ಲಿ ಇಡಬಾರದಮ್ಮ ಇದನ್ನ. ಒಂದು ಮರದ ಪೆಟ್ಟಿಗೆ ಮಾಡಿಸಿ, ಮುಂದೆ ಗಾಜು ಇರ್ಲಿ, ಗೋಡೆಗೆ ಹಾಕಿ. ಕಷ್ಟ ಆಗ್ತದೆ ಅಂದ್ರೆ ಹಾಸನದಲ್ಲಿ ನಮ್ಮ ಮಾಜಿ ಸೈನಿಕರ ಹಾಲ್ ಐತೆ, ಗಾಜಿನ ಬೀರು ಐತೆ, ನಮ್ಮೋರ ಬಾವುಟಗಳೆಲ್ಲ ಅಲ್ಲೇ ಸಾಲಾಗಿ ಅವೆ. ಆಗಸ್ಟ್ ಹದಿನೈದಕ್ಕೆ ನಿಮ್ಮೂರ ಸ್ಕೂಲಿಗೆ ಬರ್ತೀನಲ್ಲ, ಅಷ್ಟರಲ್ಲಿ ಇಲ್ಲೇ ಒಂದು ವ್ಯವಸ್ಥೆ ಆದ್ರೆ ಸರಿ. ಇಲ್ಲಾಂದ್ರೆ ತಗೊಂಡೋಗಿ ಜೋಪಾನ ಮಾಡ್ತೀನಿ.”

ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ದೊಡ್ಡವ್ವ ಟ್ರಂಕಿನ ಮುಚ್ಚಳದ ಮೇಲೆ ಕೈ ಇಟ್ಟವಳು ತೆಗೆಯಲಿಲ್ಲ. ಬೇಡ ಎಂದು ದೊಡ್ಡ ಮನುಷ್ಯರಿಗೆ ಹೇಳಿ ಅವಳಿಗೆ ರೂಢಿಯಿರಲಿಲ್ಲ. ಆ ಕೈ ನೋಡಿ ನನಗೆ ಏನೋ ಆಯಿತು. ಏನಾದರೂ ಆದಾಗ ನಾನು ಮಾಡುವುದು ಒಂದೇ. ಒಂದು ಕಣ್ಣು ಮುಚ್ಚಿ, ಇಲ್ಲದ ಪೆನ್ಸಿಲನ್ನು ಕಿವಿಯಿಂದ ತೆಗೆದು, ನಮ್ಮೂರ ಬಡಗಿ ನಂಜುಂಡಾಚಾರರ ದನಿಯಲ್ಲಿ, “ಅದೇನ್ ಮಹಾ ಕೆಲ್ಸ ಬುಡಿ ಸಾಹೇಬ್ರೆ! ಚಿಟಿಕೆ ಹೊಡೆಯೋದ್ರಲ್ಲಿ ಮಾಡ್ಕೊಟ್ಬುಡ್ತೀನಿ,” ಅಂದೆ.

ಎಲ್ಲರೂ ನಕ್ಕರು, ಹನ್ನೊಂದು ದಿನಗಳಲ್ಲಿ ಆ ಮನೆಯಲ್ಲಿ ಮೊದಲ ನಗು. ಪಾಯಸ ಕುಡಿಯುತ್ತಿದ್ದ ನಂಜುಂಡಾಚಾರರೂ ನಕ್ಕರು. ದೊಡ್ಡವ್ವ ನಗಲಿಲ್ಲ. ನನ್ನನ್ನೇ ನೋಡಿ, “ಮಾಡ್ಕೊಡ್ತೀಯೇನ್ಲಾ ಪರ್ಮೇಶಿ?” ಅಂದಳು.

ಆ ಪ್ರಶ್ನೆಗೆ ಯಾರ ದನಿಯಲ್ಲಿ ಉತ್ತರ ಹೇಳುವುದೆಂದು ತಿಳಿಯದೆ ಬರೀ ತಲೆ ಆಡಿಸಿದೆ.

ಮಾರನೇ ದಿನ ಆಚಾರರ ಮನೆಗೆ ಹೋಗಿ, ಕೆಲಸ ಅವರಿಗೇ ಅಂಟಿಸಲು ನೋಡಿದೆ. ಅವರು ಉಳಿಗೆ ಸಾಣೆ ಹಿಡಿಯುತ್ತಿದ್ದರು. “ದನಿ ನಂದು ತಗಂಡೆ, ಮಾತು ನೀನು ಕೊಟ್ಟೆ. ಈಗ ಕೈನೂ ನಂದೇ ಬೇಕಾ? ಮಾಡೋಗೋ ನೀನೇ. ಆಯಮ್ಮ ಕೇಳಿದ್ದು ನಿನ್ನ,” ಅಂದರು. ಆದರೂ ಒಂದು ಗರಗಸ, ಒಂದು ಉಳಿ, ಒಂದು ಕೀಸುಳಿ ಕೊಟ್ಟರು. ಕೊಡುವಾಗ ಒಂದೊಂದರ ಮೇಲೂ ಕೈಯಾಡಿಸಿ, ಮಕ್ಕಳನ್ನು ದೂರದ ಶಾಲೆಗೆ ಕಳಿಸುವವರ ಹಾಗೆ ಮುಖ ಮಾಡಿದರು.

ಹಲಗೆ ತಂದಿದ್ದು ಸಾಮಿಲ್ಲಿನಿಂದ. ಯಾವುದೋ ಎಸ್ಟೇಟಿನ ಬೇಲಿಯಲ್ಲಿ ಬಿದ್ದ ಹಲಸಿನ ಮರವನ್ನು ಆಗಷ್ಟೇ ಕೊಯ್ದಿದ್ದರು. ಅರಿಶಿನ ಅರೆದಿಟ್ಟ ಹಾಗೆ ಬಣ್ಣ, ಹಣ್ಣಿನ ಪರಿಮಳ. ನಾನು ಬಣ್ಣಕ್ಕೆ ಮರುಳಾದೆ. ಆಚಾರರು ಅದನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟು ಕೇಳಿದರು.

“ಹಸಿ ಐತೆ ಕಣೋ. ಸತ್ತೋದೆ ಅಂತ ಇನ್ನೂ ಆ ಮರಕ್ಕೇ ಗೊತ್ತಿಲ್ಲ. ವರ್ಸ ಅಟ್ಟದ ಮ್ಯಾಲೆ ಹಾಕು, ಆಮೇಕೆ ಮುಟ್ಟು.”

“ಆಗಸ್ಟಿಗೆ ಬೇಕಲ್ಲ ಆಚಾರ್ರೇ.”

“ಅಂಗಾದ್ರೆ ಆಗಸ್ಟ್ನೇ ಅಟ್ಟದ ಮ್ಯಾಲೆ ಹಾಕು.”

ದೊಡ್ಡವ್ವನ ಜಗಲಿಯೇ ನನ್ನ ಕಾರ್ಖಾನೆಯಾಯಿತು. ಕೆಲಸದ ವಿವರ ಕೇಳಬೇಡಿ. ನಾಲ್ಕು ಪಕ್ಕಗಳನ್ನು ಕೊಯ್ದರೆ ಅವು ನಾಲ್ಕು ಬೇರೆ ಬೇರೆ ಪೆಟ್ಟಿಗೆಗಳ ಪಕ್ಕಗಳಂತೆ ಕಾಣುತ್ತಿದ್ದವು. ಮೂಲೆಗೆ ಮೂಲೆ ಕೂಡಿಸಿದರೆ ನಡುವೆ ಬೆಳಕು. ಬೆಳಕು ಮುಚ್ಚಲು ಕೀಸಿದರೆ ಮೂಲೆಯೇ ಮಾಯ. ಆಚಾರರ ಹಾಗೆ ಒಂದು ಕಣ್ಣು ಮುಚ್ಚುವುದು, ಅವರ ಹಾಗೆ ಉಫ್ ಎಂದು ಹೊಟ್ಟು ಊದುವುದು, ಅವರ ಹಾಗೆ ‘ಥೂ ಇವನಜ್ಜಿ’ ಅನ್ನುವುದು ಎಲ್ಲ ಸೊಗಸಾಗಿ ಬರುತ್ತಿತ್ತು. ಹಾದಿಯಲ್ಲಿ ಹೋಗುವವರಿಗೆ ಕೇಳಿಸುವಷ್ಟು ಕೆಲಸ ಬಹಳ ಚೆನ್ನಾಗಿ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಮೊಳೆ ಹೊಡೆಯುತ್ತಿದ್ದೆ. ಸುತ್ತಿಗೆ ಮೊಳೆಯನ್ನು ಬಿಟ್ಟು ಹೆಬ್ಬೆರಳನ್ನು ಹುಡುಕಿಕೊಂಡು ಬಂತು. ಕಣ್ಣು ಕತ್ತಲಿಟ್ಟ ಆ ಗಳಿಗೆಯಲ್ಲಿ ನನ್ನ ಬಾಯಿಂದ ನಾನು ಕರೆಯದೆಯೇ ದೊಡ್ಡಪ್ಪನ ದನಿ ಹೊರಬಿತ್ತು. “ಅರೇ ಭಾಯ್!”

ಒಳಗಿಂದ ದೊಡ್ಡವ್ವ, “ಕಾಫಿ ತಂದೆ ಕಣ್ರೀ, ಒಂದ್ ಗಳಿಗೆ ತಡ್ಕಳಿ, ಹಾಲು ಉಕ್ತಾ ಐತೆ,” ಅಂದಳು.

ಹಾಲು ಉಕ್ಕಿ ಒಲೆಗೆ ಚೆಲ್ಲಿದ ವಾಸನೆ ಬಂತು. ಎಷ್ಟೋ ಹೊತ್ತಿನ ಮೇಲೆ ದೊಡ್ಡವ್ವ ಲೋಟ ಹಿಡಿದು ಹೊಸ್ತಿಲಿಗೆ ಬಂದಳು. ಸೆರಗಿನ ತುದಿ ಒದ್ದೆಯಾಗಿತ್ತು. ನಾನು ಬೆರಳನ್ನು ಬಾಯಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದೆ.

“ಭಾಯ್ ಅನ್ನೋದ ಅವ್ರು ಅಂಗೆ ಕತ್ತರ್ಸಿ ಬುಡ್ತಿರ್ಲಿಲ್ಲ ಕಣೋ,” ಅಂದಳು. “ಕೊನೇಗೆ ಒಂಚೂರು ಎಳೀತಿದ್ರು.” ಆಮೇಲೆ ಲೋಟ ಕೆಳಗಿಟ್ಟು, “ಕುಡಿ, ಆರೋಯ್ತದೆ,” ಎಂದು ಒಳಗೆ ಹೋದಳು.

ಎಳೆದು ಹೇಳಿ ತೋರಿಸುವ ಧೈರ್ಯ ನನಗೆ ಬರಲಿಲ್ಲ. ಕಾಫಿಗೆ ಸಕ್ಕರೆ ಹಾಕುವುದನ್ನು ಅವಳು ಮರೆತಿದ್ದಳು. ದೊಡ್ಡಪ್ಪ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ ಎಂಬುದು ಅರ್ಧ ಲೋಟ ಕುಡಿದ ಮೇಲೆ ಹೊಳೆಯಿತು.

ಗಾಜಿಗೆ ಸಕಲೇಶಪುರಕ್ಕೆ ಹೋದೆ. ಗಾಜಿನಂಗಡಿಯ ಇಬ್ರಾಹಿಂ ಸಾಬರು ಅಳತೆ ಕೇಳಿ, “ಯಾವ ದೇವ್ರ ಫೋಟೋನಪ್ಪ?” ಅಂದರು. ದೇವರಲ್ಲ, ಮಿಲ್ಟ್ರಿ ದೊಡ್ಡಪ್ಪನ ಬಾವುಟ ಅಂದೆ. ಅವರು ಕೊಯ್ಯಲು ತೆಗೆದಿದ್ದ ಗಾಜನ್ನು ಒಳಗಿಟ್ಟು, ಗುಳ್ಳೆಯಿಲ್ಲದ ಬೇರೆ ಗಾಜು ತೆಗೆದು ಬೆಳಕಿಗೆ ಹಿಡಿದು ನೋಡಿ ಕೊಯ್ದರು. ಹಳೇ ಪೇಪರು ಸುತ್ತಿಕೊಡುವಾಗ, “ತೊಡೆ ಮೇಲೆ ಇಟ್ಕೊಂಡು ಕೂರು. ಬಸ್ಸಲ್ಲಿ ಇವತ್ತೊಂದಿನ ಯಾರ ದನೀನೂ ಮಾಡ್ಬೇಡ ಮಾರಾಯ, ಡ್ರೈವರ್ ಬ್ರೇಕ್ ಹಾಕ್ಬುಟ್ರೆ ಗಾಜು ಹೋಯ್ತದೆ,” ಅಂದರು. ನನ್ನ ಕೀರ್ತಿ ಹೇಮಾವತಿ ಹೊಳೆ ದಾಟಿ ಪೇಟೆಗೂ ಹೋಗಿತ್ತೆಂದು ಅವತ್ತು ತಿಳಿಯಿತು. ಬಾಯಿ ಮುಚ್ಚಿಕೊಂಡು ಊರು ತಲುಪಿದೆ. ಕಂಡಕ್ಟರು ನನ್ನ ಹಣೆ ಮುಟ್ಟಿ ಜ್ವರವೇ ಎಂದು ಕೇಳಿದರು.

ಅಂತೂ ಪೆಟ್ಟಿಗೆ ಆಯಿತು. ಮುಂದೆ ಗಾಜಿನ ಬಾಗಿಲು, ಪಕ್ಕಕ್ಕೆ ಎರಡು ಕೀಲು, ಒಂದು ಪುಟ್ಟ ಚಿಲಕ. ಮೊದಮೊದಲು ಸಂದಿ ಬಿಟ್ಟು ಬಿಟ್ಟು ಅವಮಾನವಾಗಿದ್ದ ನನಗೆ ಬಾಗಿಲಿನ ಹೊತ್ತಿಗೆ ಹಟ ಬಂದಿತ್ತು. ಕೀಸಿ ಕೀಸಿ, ಬೀಡಿ ಎಲೆಯೂ ಹೋಗದಷ್ಟು ಬಿಗಿಯಾಗಿ ಕೂರಿಸಿದೆ. ಆಚಾರರು ಬಂದು ನೋಡಿ, “ಬಾಗ್ಲಿಗೆ ಒಂಚೂರು ಉಸಿರಾಡಕೆ ಜಾಗ ಬುಡ್ಬೇಕು ಕಣ್ಲಾ,” ಅಂದರು. ಹೊಟ್ಟೆಕಿಚ್ಚು ಅಂದುಕೊಂಡೆ.

ನಡುಮನೆಯ ಗೋಡೆಗೆ ಹಾಕಿದೆವು. ದೊಡ್ಡವ್ವ ದಿನಾ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಅದರ ಮುಂದೆ ನಿಲ್ಲುತ್ತಿದ್ದಳು. ಕುಂಕುಮ ಇಡುತ್ತಿರಲಿಲ್ಲ, ಊದುಬತ್ತಿ ಹಚ್ಚುತ್ತಿರಲಿಲ್ಲ, ಕ್ಯಾಪ್ಟನ್ನರು ಬೇಡವೆಂದಿದ್ದರು. ಚಿಲಕ ತೆಗೆದು, ಬಾವುಟದ ಮೇಲೆ ಅಂಗೈ ಇಟ್ಟು, ಆ ದಿನದ ವರದಿ ಒಪ್ಪಿಸುತ್ತಿದ್ದಳು. “ಕೆಂಪಿ ಕರ ಹಾಕ್ತು, ಹೆಣ್ಣು.” “ಆ ಕಡೆ ಬೇಲಿ ಬಿದ್ದೋಯ್ತು ಕಣ್ರೀ.” “ಎತ್ತು ಮಾತೇ ಕೇಳಾಕಿಲ್ಲ, ಪರ್ಮೇಶಿನ ಕರೆಸ್ಬೇಕು.” ಆಮೇಲೆ ಬಾಗಿಲು ಮುಚ್ಚಿ ಕೆಲಸಕ್ಕೆ. ನಾನು ಕೇಳಿಸಿಕೊಂಡದ್ದು ಒಂದೆರಡು ಸಲ, ಅದೂ ಕದ್ದು. ಎಲ್ಲರನ್ನೂ ಅಣಕಿಸುವ ನಾನು ಇದನ್ನು ಇವತ್ತಿನವರೆಗೆ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಜೂನ್ ಬಂತು. ನಮ್ಮ ಕಡೆಯ ಮಳೆಗೆ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಹೂವಾಗುತ್ತದೆ, ಬೆಲ್ಟು ಚಪ್ಪಲಿಗೆ ಬಿಳಿ ಗಡ್ಡ ಬರುತ್ತದೆ. ನನ್ನ ಹಲಗೆಗೂ ತಾನು ಮರವಾಗಿದ್ದು ನೆನಪಾಯಿತು. ಒಂದು ಬೆಳಿಗ್ಗೆ ದೊಡ್ಡವ್ವ ಕೊಡೆ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಳು.

“ಪರ್ಮೇಶಿ, ಬಾಗ್ಲು ತೆಗೀತಾ ಇಲ್ಲ ಕಣೋ.”

ಹೋಗಿ ಎಳೆದೆ. ಚಿಲಕ ಕೈಗೆ ಬಂತು, ಬಾಗಿಲು ಬರಲಿಲ್ಲ. ಮೇಣ ಸವರಿದೆ, ಕೊಬ್ಬರಿ ಎಣ್ಣೆ ಬಿಟ್ಟೆ, ಚಾಕು ತೂರಿಸಲು ನೋಡಿದೆ. ಬೀಡಿ ಎಲೆ ಹೋಗದ ಜಾಗಕ್ಕೆ ಚಾಕು ಎಲ್ಲಿ ಹೋದೀತು? ಗಾಜಿನ ಒಳಗೆ ಮಂಜು ಕಟ್ಟಿತ್ತು. ನಾಲ್ಕಾರು ದಿನ ಬಿಟ್ಟು ನೋಡಿದರೆ ಚಕ್ರದ ಪಕ್ಕದ ಬಿಳಿಯಲ್ಲಿ ಸಾಸಿವೆಯಂಥ ಕಪ್ಪು ಚುಕ್ಕೆಗಳು. ಬೂಷ್ಟು. ದೊಡ್ಡವ್ವ ಗಾಜಿನ ಮೇಲೆಯೇ ಅಂಗೈ ಇಟ್ಟು ನಿಂತಿದ್ದಳು. ಅವತ್ತು ಯಾವ ವರದಿಯೂ ಇರಲಿಲ್ಲ.

“ಗಾಜು ಒಡೆದುಬಿಡ್ಲಾ ದೊಡ್ಡವ್ವ?”

“ಚೂರು ಒಳೀಕೆ ಬಿದ್ದು ಬಟ್ಟೆ ಅರಿದ್ರೆ?” ಅಂದಳು. ಆಮೇಲೆ, “ಹದಿನೈದ್ನೇ ತಾರೀಕು ಅವ್ರು ಬಂದು ನೋಡಿದ್ರೆ ತಗಂಡೋಯ್ತಾರಲ್ವೇನೋ?” ಎಂದು ಕೇಳಿದಳು.

ನನ್ನ ಬಳಿ ಆ ಹೊತ್ತಿಗೆ ಒಂದು ಊರಿಗಾಗುವಷ್ಟು ದನಿಗಳಿದ್ದವು. ಒಂದಕ್ಕೂ ಬಾಗಿಲು ತೆಗೆಯಲು ಬರುತ್ತಿರಲಿಲ್ಲ.

ಆಚಾರರನ್ನು ಕರೆತಂದೆ. ಅವರು ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. “ಉಬ್ಬೈತೆ. ಒಣಗಿದ್ರೆ ತಾನೇ ಬುಡ್ತದೆ. ಬಿಸ್ಲು ಎಲ್ಲಿಂದ ತತ್ತೀಯ?” ಅಂದರು. ದೊಡ್ಡವ್ವ ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿ, ಎದೆಗವಚಿಕೊಂಡು ಅಡುಗೆಮನೆಗೆ ನಡೆದಳು. ಒಲೆಯ ಮೇಲೆ ಬಿದಿರಿನ ಅಟ್ಟಣಿಗೆ. ಬಿತ್ತನೆಯ ಜೋಳ, ಮೆಣಸಿನಕಾಯಿ, ಹಲಸಿನ ಹಪ್ಪಳ, ಮಳೆಗಾಲದಲ್ಲಿ ಕೆಡಬಾರದ್ದೆಲ್ಲ ಅಲ್ಲಿರುತ್ತದೆ. ಹಪ್ಪಳದ ಡಬ್ಬಿ ಸರಿಸಿ ಅಲ್ಲಿಟ್ಟಳು.

ಆಗಸ್ಟ್ ಹುಟ್ಟುವ ಹೊತ್ತಿಗೆ ಒಂದು ಬೆಳಿಗ್ಗೆ ರೊಟ್ಟಿ ಬೇಯುತ್ತಿದ್ದಾಗ ಮೇಲಿಂದ ಫಟ್ ಎಂದು ಸದ್ದಾಯಿತಂತೆ. ಓಡಿಹೋದೆ. ಚೌಕಟ್ಟಿನ ಒಂದು ಮೂಲೆ ಸೀಳಿತ್ತು, ಬಾಗಿಲು ಸೊಟ್ಟಗಾಗಿ ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ಬಾವುಟ ಹೊರಗೆ ಬಂತು. ಅಂಟುವಾಳದ ನೊರೆಯಿಂದ ದೊಡ್ಡವ್ವ ಚುಕ್ಕೆಗಳನ್ನು ಒಂದೊಂದಾಗಿ ಒರೆಸಿದಳು, ಅರ್ಧಕ್ಕರ್ಧ ಹೋದವು. ಒಣಗಿಸಬೇಕಲ್ಲ. ಬಾವುಟ ನೆಲಕ್ಕೆ ತಾಗಬಾರದು, ಹಗ್ಗಕ್ಕೆ ಹಾಕಿದರೆ ಬಟ್ಟೆಯ ಸಾಲಿಗೆ ಸೇರಿದಂತಾಗುತ್ತದೆ ಎಂದು ದೊಡ್ಡವ್ವನ ವಾದ. ಹಾಗಾಗಿ ಕೆಂಡದ ಮಡಕೆಯ ಆ ಕಡೆ ಅವಳು, ಈ ಕಡೆ ನಾನು, ಎರಡು ಕೈಯಲ್ಲೂ ಬಾವುಟವನ್ನು ಮೇಲೆತ್ತಿ ಹಿಡಿದು, ಮನೆಪಾಠ ಮಾಡದ ಮಕ್ಕಳ ಹಾಗೆ ಮಧ್ಯಾಹ್ನವಿಡೀ ನಿಂತೆವು. ಮಡಿಸಲು ಹೋದರೆ ಒಮ್ಮೆ ಕೇಸರಿ ಮೇಲೆ ಬಂತು, ಒಮ್ಮೆ ಹಸಿರು. ಚಕ್ರ ಮೇಲೆ ಬಂದಾಗ ಇಬ್ಬರ ಕೈಯೂ ಮರಗಟ್ಟಿತ್ತು.

ಆಗಸ್ಟ್ ಹದಿನೈದರಂದು ಕ್ಯಾಪ್ಟನ್ನರು ಜಿನುಗುಮಳೆಯಲ್ಲೇ ಶಾಲೆಯ ಬಾವುಟ ಹಾರಿಸಿ, ಬೂಟಿನ ಕೆಸರು ತೊಳೆದುಕೊಂಡು ನೇರ ದೊಡ್ಡವ್ವನ ಮನೆಗೆ ಬಂದರು. ಹಿಂದೆ ಮಲ್ಲಪ್ಪಯ್ಯ, ಆಚಾರರು, ಮಿಠಾಯಿ ಕಚ್ಚುತ್ತಿದ್ದ ಮಕ್ಕಳು. ಗೋಡೆಯ ಮೇಲೆ ನನ್ನ ಪೆಟ್ಟಿಗೆ, ಹೊಗೆ ಹಿಡಿದು, ಒಂದು ಭುಜ ಕುಸಿದು ನಿಂತಿತ್ತು. ಕ್ಯಾಪ್ಟನ್ನರು ಹತ್ತಿರ ಹೋದರು. ಸೀಳು ನೋಡಿದರು. ಸಂದಿಯಲ್ಲಿ ಬೆರಳಿಟ್ಟು ನೋಡಿದರು. ಬಾಗಿಲು ತೆಗೆದು ಮೂಸಿದರು.

“ಹೊಗೆ ವಾಸನೆ,” ಅಂದರು. “ಇದ್ಯಾವುದು ಚುಕ್ಕಿ? ಪೆಟ್ಟಿಗೆ ಮಾಡಿದ ಆಚಾರಿ ಯಾರು?”

ಎಲ್ಲರೂ ನಂಜುಂಡಾಚಾರರನ್ನು ನೋಡಿದರು. “ನಾನೇ ಸಾರ್,” ಅಂದೆ. ನೆಗಡಿಯಾದ ಮೇಕೆಮರಿಯ ದನಿ. ಮಕ್ಕಳು ಇದು ಯಾರ ಅಣಕ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡವು. “ಇನ್ನೊಂದು ಮಾಡ್ತೀನಿ ಸಾರ್. ಒಣಗಿದ ಮರದಲ್ಲಿ.”

ಆಚಾರರು ಗಂಟಲು ಸರಿಮಾಡಿಕೊಂಡರು. “ಆ ಸಂದಿ ಇರ್ಲಿ ಸಾಹೇಬ್ರೆ. ಗಾಳಿ ಆಡ್ತದೆ, ಇನ್ನು ಬೂಷ್ಟು ಹಿಡಿಯಾಕಿಲ್ಲ.”

“ಸಂದೀಲಿ ಜಿರಲೆನೂ ಆಡ್ತದೆ ಆಚಾರ್ರೇ,” ಎಂದು ಕ್ಯಾಪ್ಟನ್ನರು ಬೇಸರದಿಂದ ನಕ್ಕರು. ನನ್ನ ಭುಜದ ಮೇಲೆ ಕೈ ಇಟ್ಟು, “ಕಷ್ಟಪಟ್ಟಿದ್ದೀಯ ಮಗ, ಇಲ್ಲ ಅನ್ನಲ್ಲ,” ಅಂದರು. ಆಮೇಲೆ ದೊಡ್ಡವ್ವನ ಕಡೆ ತಿರುಗಿದರು. ಅವಳು ಕಾಫಿ ತಟ್ಟೆ ಹಿಡಿದು ನಿಂತಿದ್ದಳು.

“ನೋಡಮ್ಮ, ಇಲ್ಲಿಯ ಹವಾಕ್ಕೆ ಇದು ಉಳಿಯಲ್ಲ. ರುದ್ರಪ್ಪ ನಮ್ಮೋನು. ಅವನದ್ದು ಹಿಂಗೆ ಹಾಳಾದ್ರೆ ನಂಗೆ ತಡ್ಕೊಳ್ಳೋಕಾಗಲ್ಲ. ಹಾಸನಕ್ಕೆ ತಗೊಂಡೋಗ್ತೀನಿ. ಬೀಗ ಹಾಕಿದ ಬೀರು, ಧೂಳಿಲ್ಲ, ಹೊಗೆಯಿಲ್ಲ, ಯಾರೂ ಮುಟ್ಟೋದಿಲ್ಲ. ನಿಮಗೆ ನೋಡಬೇಕು ಅನ್ನಿಸಿದಾಗ ಬಸ್ ಹತ್ತಿ ಬನ್ನಿ, ನಾನೇ ನಿಂತು ತೋರಿಸ್ತೀನಿ.”

ಅವರ ಕಣ್ಣು ಒದ್ದೆಯಾಗಿತ್ತು, ಸುಳ್ಳಲ್ಲ. ಮಲ್ಲಪ್ಪಯ್ಯ, ದೊಡ್ಡೋರು ಹೇಳೋದು ಸರಿ ಅನ್ನುವ ಹಾಗೆ ತಲೆದೂಗಿದರು. ಕ್ಯಾಪ್ಟನ್ನರು ಪೆಟ್ಟಿಗೆಯತ್ತ ಎರಡು ಕೈಯನ್ನೂ ಚಾಚಿದರು. ದೊಡ್ಡವ್ವ ತಟ್ಟೆಯನ್ನು ಮಣೆಯ ಮೇಲಿಟ್ಟು, ಹೋಗಿ ಪೆಟ್ಟಿಗೆಗೂ ಅವರಿಗೂ ನಡುವೆ ನಿಂತಳು. ಸೆರಗಿಗೆ ಕೈ ಒರೆಸಿಕೊಂಡಳು.

“ಅವ್ರು ಮಿಲ್ಟ್ರೀಲಿದ್ದಾಗ ಅವ್ರನ್ನ ನಿಮ್ಮತ್ರ ಇಟ್ಕಂಡು ವರ್ಸಕ್ಕೊಂದ್ಸಲ ರಜಕ್ಕೆ ನನ್ನತ್ರ ಕಳಿಸ್ತಿದ್ರಿ, ನಾನು ಒಂದ್ ಮಾತೂ ಅನ್ನಲಿಲ್ಲ. ಇನ್ಮ್ಯಾಲೆ ನಾನಿಟ್ಕತೀನಿ ಸಾಹೇಬ್ರೆ, ವರ್ಸಕ್ಕೊಂದ್ಸಲ ನೀವು ಬಂದು ನೋಡ್ಕಂಡೋಗಿ.”